ಹೆಜ್ಜೆ ಮೊದಲು, ಸ್ಲೇಟು ಆಮೇಲೆ



ಅಂಗನವಾಡಿಯ ತಾಯಂದಿರ ಸಭೆಗೆ ಕೆಲಸ ಬಿಟ್ಟು ಬಂದಿದ್ದೀರಿ. ಸಂತೋಷ. ನಾವೂ ನಿಮ್ಮ ಹಾಗೆಯೇ, ದೊಡ್ಡವರಾದ ಮೇಲೆ ಅಕ್ಷರ ಕಲಿತವರು. ಮೊದಲ ದಿನ ಬಳಪ ಹಿಡಿದಾಗ ಕೈ ನಡುಗಿತ್ತು. ನಿಮಗೂ ನೆನಪಿದೆ ತಾನೆ?

ಆದರೂ ನಾವು ಒಂದು ತಪ್ಪು ಮಾಡಿದೆವು. ನಮ್ಮ ಮನೆಯ ಮೂರೂವರೆ ವರ್ಷದ ಮಗುವಿಗೆ ಸ್ಲೇಟು ಕೊಟ್ಟು, "ತ್ರಿಕೋನ ಬರಿ" ಅಂದೆವು. ಮಗು ಏನೋ ಗೀಚಿತು. "ದಡ್ಡ" ಅಂತ ಬೈದೆವು. ಕೈಗೆ ಒಂದು ಏಟೂ ಬಿತ್ತು. ಆಮೇಲೆ ಸ್ಲೇಟು ಕಂಡರೆ ಸಾಕು, ಮಗು ಬಾಗಿಲ ಹಿಂದೆ ಅಡಗುತ್ತಿತ್ತು.

ತಪ್ಪು ಮಗುವಿನದಲ್ಲ, ನಮ್ಮದು. ಸಾಮಾನ್ಯವಾಗಿ 3 ವರ್ಷಕ್ಕೆ ಮಗು ನೋಡಿಕೊಂಡು ವೃತ್ತ ಬರೆಯುತ್ತದೆ. ಚೌಕ ಬರೆಯಲು 4 ವರ್ಷ ಆಗಬೇಕು. ತ್ರಿಕೋನಕ್ಕೆ 5 ವರ್ಷ. ಓರೆ ಗೆರೆ ಎಳೆಯೋದು ಎಳೆಯ ಕೈಗೆ ಕಷ್ಟ. ಕೆಲವು ಮಕ್ಕಳು ಬೇಗ ಕಲೀತಾರೆ, ಕೆಲವರು ತಡ.

ಕೈ ಪಳಗದಿದ್ದರೆ ಏನಂತೆ? ಕಾಲು ಕುಣೀತದೆ, ಬಾಯಿ ಹಾಡ್ತದೆ. ಅಂಗನವಾಡಿಯಲ್ಲಿ ಮಕ್ಕಳು ಆಡಿ ಕಲಿಯುತ್ತಾರೆ. ಮನೆಯಲ್ಲೂ ಹಾಗೇ ಕಲಿಸೋಣ.

ಅಂಗಳದಲ್ಲಿ ರಂಗೋಲಿ ಪುಡಿಯಿಂದ ದೊಡ್ಡ ವೃತ್ತ ಹಾಕಿ. ಮಕ್ಕಳು ಗೆರೆಯ ಮೇಲೆ ಸುತ್ತುತ್ತಾ ಹಾಡಲಿ. ಹಾಡು ನಾವೇ ಕಟ್ಟಿದ್ದು:

ದುಂಡು ರೊಟ್ಟಿ ದುಂಡಗೆ,
ಮೂಲೆ ಇಲ್ಲ ರೊಟ್ಟಿಗೆ!

ತಾಳಕ್ಕೆ ತಟ್ಟೆ, ಚಮಚ ಸಾಕು.

ಆಮೇಲೆ ತ್ರಿಕೋನ ಹಾಕಿ. ಮೂಲೆ ಬಂದಾಗ ನಿಲ್ಲಬೇಕು, ಚಪ್ಪಾಳೆ ತಟ್ಟಬೇಕು, ತಿರುಗಿ ನಡೆಯಬೇಕು. ಒಂದು ಸುತ್ತಿಗೆ ಮೂರು ಚಪ್ಪಾಳೆ. ಚೌಕಕ್ಕೆ ನಾಲ್ಕು. ಚೌಕದ ನಾಲ್ಕು ಬದಿಗೂ ಹೆಜ್ಜೆ ಸಮ. ನಮ್ಮ ಬಾಗಿಲು ಆಯತ. ಅಂಥ ಗೆರೆ ಹಾಕಿದರೆ ಉದ್ದದ ಬದಿಗೆ 6 ಹೆಜ್ಜೆ, ಗಿಡ್ಡ ಬದಿಗೆ 3 ಹೆಜ್ಜೆ ಇರಲಿ. ಮಗು ನಡೆದೇ ವ್ಯತ್ಯಾಸ ತಿಳಿಯುತ್ತದೆ.

ತ್ರಿಕೋನವನ್ನು ದಿನಾ ಒಂದೇ ಥರ ಹಾಕಬೇಡಿ. ಒಂದು ದಿನ ತಲೆಕೆಳಗೆ ಹಾಕಿ. ಆಗಲೂ ಚಪ್ಪಾಳೆ ಮೂರೇ ಅಲ್ಲವೇ? ಹೇಗೆ ತಿರುಗಿಸಿದರೂ ತ್ರಿಕೋನ ತ್ರಿಕೋನವೇ ಅಂತ ಮಗುವಿಗೆ ಗೊತ್ತಾಗುತ್ತದೆ.

ನಾವು ಹೀಗೆ ಆಡಿಸಲು ಶುರು ಮಾಡಿದ ಮೇಲೆ ಒಂದು ದಿನ ನಮ್ಮ ಮಗು ಊಟಕ್ಕೆ ಕೂತಿತ್ತು. ರೊಟ್ಟಿಯ ಅಂಚಿನ ಮೇಲೆ ಬೆರಳಾಡಿಸಿ, "ಅಮ್ಮಾ, ಮೂಲೆ ಇಲ್ಲ!" ಅಂತು. ಆಮೇಲೆ ತಾನೇ ಹೋಗಿ ಸ್ಲೇಟು ತಂದಿತು. ನಾವು ಕೊಟ್ಟಿರಲಿಲ್ಲ.

ಮಕ್ಕಳನ್ನು ಹೊಡೆಯೋದು ಬೇಡ, ದಡ್ಡ ಅನ್ನೋದು ಬೇಡ. ಬನ್ನಿ, ಎಲ್ಲರೂ ಎದ್ದು ನಿಲ್ಲಿ. ಮೊದಲು ನಾವೇ ಒಂದು ಸುತ್ತು ಹಾಡಿ ಕುಣಿಯೋಣ.