ಹಾಡು ರಂಗದ ಮೇಲೇ ಹುಟ್ಟಲಿ

ಕಾರವಾರ-ಅಂಕೋಲೆಯ ರಂಗಬಂಧುಗಳೆ,

ನನ್ನ ಸಮಯವನ್ನೆಲ್ಲ ಒಂದೇ ಸಂಗತಿಗೆ ಬಳಸುತ್ತೇನೆ. ತಾನೇ ಹಾಡಿ ತಾನೇ ಅಭಿನಯಿಸುವ ನಟ-ನಟಿಯರು ನಮ್ಮ ರಂಗದಿಂದ ಕಾಣೆಯಾಗುತ್ತಿದ್ದಾರೆ. ಸಂಘಗಳು, ಸ್ಪರ್ಧೆಗಳು, ಉತ್ಸವಗಳು ಸೇರಿಕೊಂಡು ಅವರನ್ನು ಹೊರಗೆ ಕಳಿಸುತ್ತಿವೆ.

ಹಾಡುವ ನಟನ ವೃತ್ತಿಗೆ ಈ ಕರಾವಳಿಯ ಋಣ ದೊಡ್ಡದು. ಹೊನ್ನಾವರ ತಾಲ್ಲೂಕಿನ ಕರ್ಕಿಯ ಭಾಗವತ ಮೇಳ 1842ರಲ್ಲಿ ಸಾಂಗ್ಲಿಗೆ ಹೋಗಿ ಅಲ್ಲಿನ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನರ ಎದುರು ಆಟ ಆಡಿತು. ಅದನ್ನು ಮೆಚ್ಚಿದ ದೊರೆ ತಮ್ಮ ಭಾಷೆಯಲ್ಲೂ ಅಂಥದ್ದು ಬೇಕೆಂದರು. ಮರುವರ್ಷವೇ ವಿಷ್ಣುದಾಸ ಭಾವೆ ‘ಸೀತಾ ಸ್ವಯಂವರ’ ಆಡಿಸಿದರು. ಮರಾಠಿ ರಂಗಭೂಮಿ ತನ್ನ ವಯಸ್ಸನ್ನು ಅಂದಿನಿಂದ ಎಣಿಸುತ್ತದೆ. ಭಾವೆಯವರ ಆಟಗಳಲ್ಲಿ ಹಾಡುವ ಹೊಣೆ ಸೂತ್ರಧಾರನದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ‘ಶಾಕುಂತಲ’ವನ್ನು ರಂಗಕ್ಕೆ ತಂದಾಗ ಆ ಹೊಣೆ ಪಾತ್ರಗಳ ಕೊರಳಿಗೇ ಬಂತು. ಮೂರು ವರ್ಷ ಕಳೆದು, 1883ರಲ್ಲಿ, ಇಪ್ಪತ್ತೆರಡರ ರವೀಂದ್ರನಾಥ ಠಾಕೂರರು ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಜೊತೆ ಕಾರವಾರದಲ್ಲಿದ್ದು ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು. ಅದರ ಕೆಲವು ಹಾಡುಗಳನ್ನು ಕಟ್ಟಿದ್ದು ಇಲ್ಲಿಂದ ಮರಳುವಾಗ, ಹಡಗಿನ ಅಟ್ಟದ ಮೇಲೆ ಕೂತು, ಹಾಡಿಕೊಳ್ಳುತ್ತಲೇ. 1956ರವರೆಗೆ ನಾವು ಮುಂಬಯಿ ಆಡಳಿತದಲ್ಲಿದ್ದವರು. ಮರಾಠಿಯ ನಾಟ್ಯಸಂಗೀತ, ಬಯಲುಸೀಮೆಯ ಕಂಪನಿಗಳ ಕಂದ ಮತ್ತು ಮಟ್ಟು, ನಮ್ಮದೇ ಬಡಾಬಡಗಿನ ಭಾಗವತಿಕೆ ಮೂರೂ ಒಂದೇ ಕಿವಿಗೆ ಬಿದ್ದ ಊರುಗಳು ಇವು.

ಹಾಡುವ ನಟ ತಯಾರಾಗುತ್ತಿದ್ದುದು ಹೇಗೆ? ಕಂಪನಿಯೇ ಅವನ ಶಾಲೆಯಾಗಿತ್ತು. ಎಂಟು-ಹತ್ತು ವರ್ಷದ ಹುಡುಗನನ್ನು ಬಾಲಪಾತ್ರಕ್ಕೆ ಸೇರಿಸಿಕೊಂಡು ಹಗಲು ಸ್ವರ ತಿದ್ದಿ ರಾತ್ರಿ ಪ್ರಹ್ಲಾದನನ್ನೋ ಧ್ರುವನನ್ನೋ ಆಡಿಸುತ್ತಿದ್ದರು. ಮಲ್ಲಿಕಾರ್ಜುನ ಮನಸೂರರು ಹುಡುಗರಾಗಿ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಇಂಥ ಪಾತ್ರಗಳನ್ನು ಮಾಡಿದವರು. 1914ರಲ್ಲಿ ಹುಟ್ಟಿ 2017ರವರೆಗೆ ಬಾಳಿದ ಏಣಗಿ ಬಾಳಪ್ಪನವರು ಸ್ತ್ರೀಪಾತ್ರಗಳಿಂದ ಮೇಲೆ ಬಂದು ಬಸವಣ್ಣನ ಪಾತ್ರಕ್ಕೆ ಹೆಸರಾದರು. ಗಂಟಲು ಒಡೆಯುವ ವಯಸ್ಸು ಇವರಂಥವರ ಪಾಲಿಗೆ ದೊಡ್ಡ ಗಂಡಾಂತರ. ಅದನ್ನು ದಾಟಿದವರು ನಾಯಕನಟರಾಗುತ್ತಿದ್ದರು, ದಾಟದವರು ಪರದೆಯ ಹಿಂದಿನ ಕೆಲಸಕ್ಕೆ ಸರಿಯುತ್ತಿದ್ದರು. ಮೈಕು ಬರುವ ಮೊದಲು ಕಡೆಯ ಸಾಲಿನ ನೆಲದ ಪ್ರೇಕ್ಷಕನಿಗೂ ಕೇಳಿಸಬೇಕಿದ್ದರಿಂದ ಶ್ರುತಿ ಮೇಲಿರುತ್ತಿತ್ತು. ಒನ್ಸ್‌ಮೋರ್ ಬಿದ್ದರೆ ಅದೇ ಹಾಡನ್ನು ಎರಡನೇ ಸಲ ಬೇರೆ ಆಲಾಪದಲ್ಲಿ ಎತ್ತಿ, ಮತ್ತೆ ಕಥೆಯೊಳಗೆ ಬರಬೇಕು. ಬಿ. ಜಯಶ್ರೀಯವರ ದನಿಯಲ್ಲಿ ಮಾತು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗದು. ಅಜ್ಜ ಗುಬ್ಬಿ ವೀರಣ್ಣನವರ ಕಂಪನಿಯ ಅಂಗಳದಲ್ಲಿ ಬೆಳೆದ ಫಲ ಅದು. ಕಂಪನಿಗಳು ಒಂದೊಂದಾಗಿ ನಿಂತಾಗ ಈ ಶಾಲೆಗಳೂ ಮುಚ್ಚಿದವು. ಬದಲಿ ಶಾಲೆ ಇಲ್ಲಿ ಯಾರೂ ತೆರೆಯಲಿಲ್ಲ.

ಕೊರಳನ್ನು ದೇಹದಿಂದ ಬೇರೆ ಮಾಡುವುದನ್ನು ನಮಗೆ ಕಲಿಸಿದ್ದು ಸಿನಿಮಾ. 1934ರ ‘ಸತಿ ಸುಲೋಚನ’ದಲ್ಲಿ ಕಂಪನಿಯಿಂದ ಬಂದ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರಂಥವರು ತಮ್ಮ ಕೊರಳಲ್ಲೇ ಹಾಡಬೇಕಿತ್ತು. ಹಿನ್ನೆಲೆ ಗಾಯನ ಬಂದ ಮೇಲೆ, ಕಂಪನಿಯಲ್ಲಿ ಹಾಡಿ ಬೆಳೆದ ರಾಜಕುಮಾರರಿಗೂ 1954ರಿಂದ ಎರಡು ದಶಕ ಬಹುಪಾಲು ಹಾಡುಗಳಲ್ಲಿ ಬೇರೆಯವರ ದನಿ ಕೂಡಿಸಲಾಯಿತು. 1974ರ ‘ಸಂಪತ್ತಿಗೆ ಸವಾಲ್’ ನಂತರ ಅವರು ಹಾಡುತ್ತ ಹೋದರು, ಗಾಯನಕ್ಕೆ ರಾಷ್ಟ್ರಪ್ರಶಸ್ತಿಯನ್ನೂ ಪಡೆದರು. ಅವರಿಗೆ ದನಿಯಾಗಿದ್ದ ಪಿ.ಬಿ. ಶ್ರೀನಿವಾಸರ ಹಿರಿಮೆಗೆ ಇದರಿಂದ ಕುಂದಿಲ್ಲ. ಆದರೆ ಹಾಡಬಲ್ಲ ನಟ ಕಣ್ಣೆದುರಿಗಿದ್ದರೂ ಅವನ ಕೊರಳು ಬೇಕೆಂದು ವ್ಯವಸ್ಥೆಗೆ ಅನಿಸಲಿಲ್ಲ. ಚಿತ್ರಕ್ಕೆ ಯಂತ್ರದ ನಿರ್ಬಂಧಗಳಾದರೂ ಇದ್ದವು. ನಾಟಕಕ್ಕೆ ಏನಿತ್ತು?

ಇನ್ನು ಪೆನ್‌ಡ್ರೈವ್ ಹಾಡಿನ ವಿಚಾರ. ಜಾತ್ರೆಯ ನಾಟಕವಿರಲಿ, ಸ್ಪರ್ಧೆಯ ನಾಟಕವಿರಲಿ, ಹಾಡಿನ ಹೊತ್ತಿಗೆ ಸ್ಪೀಕರಿನಿಂದ ಟ್ರ್ಯಾಕ್ ಬರುತ್ತದೆ, ನಟ ತುಟಿ ಆಡಿಸುತ್ತಾನೆ. ಇದರಿಂದ ಹೋದದ್ದು ಏನೆಂದು ತಿಳಿಯಲು ಪೇಟಿ ಮಾಸ್ತರನ ಕೈ ನೋಡಬೇಕು. ನಟನ ಮಾತು ಮುಗಿಯಲು ಎರಡು ಪದ ಇರುವಾಗಲೇ ಅವನು ಷಡ್ಜವನ್ನು ಮೆಲ್ಲಗೆ ಹಿಡಿಯುತ್ತಾನೆ. ನಟ ಕಡೆಯ ಪದವನ್ನು ಆ ಸ್ವರದ ಮೇಲೇ ಇಳಿಸಿ, ಉಸಿರು ತುಂಡಾಗದಂತೆ ಹಾಡಿಗೆ ದಾಟುತ್ತಾನೆ. ನಟನ ಗಂಟಲು ಅಂದು ಕಟ್ಟಿದ್ದರೆ ಮಾಸ್ತರ ಒಂದು ಮನೆ ಕೆಳಗೆ ಹಿಡಿಯುತ್ತಾನೆ. ಸಭೆ ಕರಗಿದ್ದು ಕಂಡರೆ ತಬಲದವನು ಲಯ ತಗ್ಗಿಸುತ್ತಾನೆ. ನಟನ ದುಃಖ ಅಂದು ಎಷ್ಟು ಉದ್ದವಿದೆಯೋ ಹಾಡೂ ಅಷ್ಟೇ ಉದ್ದ. ಟ್ರ್ಯಾಕಿನಲ್ಲಿ ಎಲ್ಲ ಮೊದಲೇ ಅಳೆದಿಟ್ಟದ್ದು. ನಟ ಅದರ ಹಿಂದೆ ಓಡಬೇಕು.

ಯಕ್ಷಗಾನದಲ್ಲಿ ಹಾಡುವವನು ಭಾಗವತ, ಕುಣಿಯುವವನು ವೇಷಧಾರಿ. ನಮ್ಮ ಪರಂಪರೆಯೇ ಇಬ್ಬರನ್ನು ಬೇರೆ ಮಾಡಿರುವಾಗ ಈ ಹಠವೇಕೆ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ತೂಕವಿದೆ. ಆದರೆ ಭಾಗವತ ರಂಗದ ಮೇಲೆಯೇ ಇದ್ದಾನೆ. ಅವನನ್ನು ಮೊದಲ ವೇಷ ಎನ್ನುವುದು ಸುಮ್ಮನೆ ಅಲ್ಲ. ಕೆರೆಮನೆ ಮೇಳದಲ್ಲಿ ನೆಬ್ಬೂರು ನಾರಾಯಣ ಭಾಗವತರು ಪದ ಎತ್ತಿದಾಗ ಅವರ ಕಣ್ಣು ಶಂಭು ಹೆಗಡೆಯವರ ಮುಖದ ಮೇಲಿರುತ್ತಿತ್ತು. ಅಭಿನಯ ಬೆಳೆದರೆ ಸಾಲು ಮರಳಿ ಬರುತ್ತದೆ, ಮುಗಿದರೆ ಮುಕ್ತಾಯ ಬೀಳುತ್ತದೆ. ಅಲ್ಲಿ ದೇಹ ಎರಡು, ಗಳಿಗೆ ಒಂದೇ. ಟ್ರ್ಯಾಕು ಆ ಗಳಿಗೆಯನ್ನೇ ಕೊಲ್ಲುತ್ತದೆ. ಆದ್ದರಿಂದ ಯಕ್ಷಗಾನ ನನ್ನ ವಾದಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ.

ಖರ್ಚಿನ ಆಕ್ಷೇಪವೂ ಇದೆ. ಪೇಟಿ, ತಬಲದವರಿಗೆ ಸಂಭಾವನೆ, ಊಟ, ಪ್ರಯಾಣ, ತಾಲೀಮಿನ ದಿನಗಳು. ಟ್ರ್ಯಾಕಿಗೆ ಇದ್ಯಾವುದೂ ಬೇಡ, ನಿಜ. ಆದರೆ ಬೆಳಕಿಗೆ, ಸೆಟ್ಟಿಗೆ, ಬ್ಯಾನರಿಗೆ ದುಡ್ಡು ಹೊಂದಿಸುವ ಸಂಘ ವಾದ್ಯದವನ ವಿಷಯ ಬಂದಾಗ ಮಾತ್ರ ಬಡವಾಗುವುದನ್ನು ನಾನು ಒಪ್ಪಲಾರೆ. ಹೊಸಬರಿಗೆ ಹಾಡಲು ಬರುವುದಿಲ್ಲ ಎಂಬುದು ಇನ್ನೊಂದು ಮಾತು. ಹಾಡಿಸದೆ ಬರುವುದಾದರೂ ಹೇಗೆ? ಹಾಡು ರಂಗದ ಮೇಲೇ ಹಾಡಬೇಕು ಎಂಬ ಒಂದು ಸಾಲನ್ನು ಸ್ಪರ್ಧೆಯ ನಿಯಮಕ್ಕೆ ಸೇರಿಸಿ ಎಂದು ಎಷ್ಟು ಸಲ ಕೇಳಿದರೂ, ತಂಡಗಳು ಕಡಿಮೆಯಾಗುತ್ತವೆಂದು ಸ್ಪರ್ಧೆ ನಡೆಸುವವರು ಅದನ್ನು ಬದಿಗೆ ಸರಿಸಿದರು. ಹಾಗೆ ಸರಿಸಿದ ಕೆಲವರು ಇಂದು ಎದುರು ಸಾಲಿನಲ್ಲಿದ್ದಾರೆ. ಅವರ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಮುಚ್ಚಿಟ್ಟುಕೊಳ್ಳುವ ಮನಸ್ಸೂ ಇಲ್ಲ. ತಂಡಗಳ ಸಂಖ್ಯೆ ಉಳಿಯಿತು, ಹಾಡುವವರ ಸಂಖ್ಯೆ ಕರಗಿತು.

ಅಕಾಡೆಮಿಗಳ ರಚನೆಯೂ ಬದಲಾಗಬೇಕು. ನಾಟಕಕ್ಕೊಂದು, ಸಂಗೀತ-ನೃತ್ಯಕ್ಕೊಂದು, ಯಕ್ಷಗಾನಕ್ಕೊಂದು, ಬಯಲಾಟಕ್ಕೊಂದು, ಜಾನಪದಕ್ಕೊಂದು ಇವೆ. ಹಾಡುವ ನಟ ಸಂಗೀತದವರ ಕಣ್ಣಿಗೆ ನಾಟಕದವನು, ನಾಟಕದವರ ಕಣ್ಣಿಗೆ ಸಂಗೀತದವನು ಆಗಿಬಿಡುವ ಅಪಾಯ ಈ ವಿಂಗಡಣೆಯಲ್ಲೇ ಇದೆ. ಇವರಿಗೆಂದೇ ಒಂದು ಜಂಟಿ ಸಮಿತಿ ಬೇಕು.

ನಮ್ಮ ಕೈಯಲ್ಲೇ ಇರುವ ಕೆಲಸಗಳನ್ನು ಈಗಲೇ ಶುರುಮಾಡೋಣ. ಬರುವ ಹಂಗಾಮಿನಿಂದ ಎರಡೂ ತಾಲ್ಲೂಕುಗಳ ಸ್ಪರ್ಧೆಗಳಲ್ಲಿ ಹಾಡಿನ ಟ್ರ್ಯಾಕ್ ನಿಷೇಧವಾಗಲಿ, ವಾದ್ಯ ಹೊಂದಿಸಿಕೊಳ್ಳಲು ಪ್ರತಿ ತಂಡಕ್ಕೂ ಅರ್ಧ ಗಂಟೆ ಹೆಚ್ಚಿಗೆ ಸಿಗಲಿ, ಹಾಡುವ ನಟ-ನಟಿಗೆ ಪ್ರತ್ಯೇಕ ಬಹುಮಾನ ಇರಲಿ. ಅನುದಾನದ ಅರ್ಜಿಯಲ್ಲಿ ವಾದ್ಯದವರ ಸಂಭಾವನೆಗೆ ಬೇರೆಯೇ ಸಾಲು ಇರಲಿ, ಆ ಹಣ ಬ್ಯಾನರಿಗೆ ಹೋಗಕೂಡದು. ಹಳ್ಳಿಯ ನಾಟಕಗಳಲ್ಲಿ ಹಾಡಿದ ಹಿರಿಯರು ಇನ್ನೂ ಇದ್ದಾರೆ. ಅವರ ಒಪ್ಪಿಗೆ ಪಡೆದು, ಪೇಟಿ ಇಟ್ಟು, ಪ್ರತಿ ಹಾಡಿನ ರಾಗ, ತಾಳ, ಶ್ರುತಿ, ಸನ್ನಿವೇಶ ಬರೆದು ದನಿಮುದ್ರಣ ಮಾಡಬೇಕು. ಒಂದು ಪ್ರತಿ ತಾಲ್ಲೂಕು ಗ್ರಂಥಾಲಯದಲ್ಲಿರಬೇಕು. ಇನ್ನೊಂದು ಆಸೆ ದೊಡ್ಡದು, ಅದಕ್ಕೆ ದುಡ್ಡು ಎಲ್ಲಿಂದ ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಹೆಗ್ಗೋಡಿಗೆ ನೀನಾಸಂ ಇದೆ, ಗುಣವಂತೆಯಲ್ಲಿ ಯಕ್ಷಗಾನಕ್ಕೆ ಶ್ರೀಮಯ ಕಲಾಕೇಂದ್ರವಿದೆ. ಗಂಗಾವಳಿ, ಕಾಳಿ ನದಿಗಳ ನಡುವೆ ಎಲ್ಲಾದರೂ ಒಂದು ವಸತಿಶಾಲೆ ಏಳಲಿ. ಅಲ್ಲಿ ನಾಟ್ಯಸಂಗೀತದ ಗುರು, ಭಾಗವತ, ಹಾಲಕ್ಕಿ ಹಾಡಿನ ಅಜ್ಜಿ ಒಂದೇ ಸೂರಿನಡಿ ಕಲಿಸಲಿ. ಕಲಿಯುವ ಮಕ್ಕಳಿಗೆ ತಿಂಗಳ ಸಂಬಳ ಸಿಗಲಿ. ಮೈಕಿಲ್ಲದೆ ಕಡೆಯ ಸಾಲಿಗೆ ಕೇಳಿಸುವ ರಂಗಮಂದಿರವೊಂದು ಅಲ್ಲಿರಲಿ.

ಟ್ರ್ಯಾಕ್ ನಿಷೇಧದ ನಿರ್ಣಯವನ್ನು ಮಧ್ಯಾಹ್ನದ ಬಹಿರಂಗ ಅಧಿವೇಶನದಲ್ಲಿ ನಾನೇ ಮಂಡಿಸುತ್ತೇನೆ. ವಿರೋಧವಿರುವವರು ದಯವಿಟ್ಟು ಊಟ ಮುಗಿಸಿ ಊರಿಗೆ ಹೊರಡಬೇಡಿ. ಸಭೆಯಲ್ಲಿದ್ದು ಎದ್ದು ನಿಂತು ವಾದಿಸಿ, ಆಮೇಲೆ ಮತಕ್ಕೆ ಹಾಕೋಣ.