ಹೆಪಟೈಟಿಸ್ ಬಿ: ರಕ್ತದ ವರದಿಯನ್ನು ಓದುವುದು ಹೇಗೆ?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಹೆಪಟೈಟಿಸ್ ಬಿ ಇರುವ ಬಹಳಷ್ಟು ಮಂದಿಗೆ ಅದು ಕಾಯಿಲೆ ಬಿದ್ದು ತಿಳಿಯುವುದಿಲ್ಲ. ರಕ್ತದಾನ ಮಾಡಿದಾಗ, ಗರ್ಭಿಣಿಯರ ತಪಾಸಣೆಯಲ್ಲಿ, ಇಲ್ಲವೆ ಸೌದಿಗೋ ದುಬೈಗೋ ಹೊರಟವರ ಮೆಡಿಕಲ್‌ನಲ್ಲಿ ತಿಳಿಯುತ್ತದೆ. ಚೀಟಿಯಲ್ಲಿ ‘ಎಚ್‌ಬಿಎಸ್‌ಎಜಿ ಪಾಸಿಟಿವ್’ ಎಂದಿರುತ್ತದೆ. ಗಲ್ಫ್ ಕೆಲಸದವರಿಗೆ ಅದರ ಕೆಳಗೆ ‘ಅನ್‌ಫಿಟ್’ ಎಂಬ ಮುದ್ರೆಯೂ ಬೀಳುತ್ತದೆ. ಆಮೇಲೆ ಎರಡರಲ್ಲಿ ಒಂದು ಆಗುತ್ತದೆ. ಕೆಲವರು ಜೀವನವೇ ಮುಗಿಯಿತೆಂದು ಕೂರುತ್ತಾರೆ. ಉಳಿದವರು ‘ನನಗೇನೂ ಆಗಿಲ್ಲ, ಚೆನ್ನಾಗಿಯೇ ಇದ್ದೇನೆ’ ಎಂದು ಚೀಟಿಯನ್ನು ಟ್ರಂಕಿನ ತಳಕ್ಕೆ ಹಾಕುತ್ತಾರೆ. ನನ್ನ ಪ್ರಕಾರ ಎರಡನೆಯದೇ ಹೆಚ್ಚು ಅಪಾಯಕಾರಿ.

ಆ ಚೀಟಿ ಹೇಳುವುದು ವೈರಸ್ ಮೈಯಲ್ಲಿದೆ ಎಂದು ಮಾತ್ರ. ಆರು ತಿಂಗಳ ನಂತರವೂ ಅದು ಪಾಸಿಟಿವ್ ಇದ್ದರೆ ಸೋಂಕು ದೀರ್ಘಕಾಲದ್ದು ಎಂದರ್ಥ. ಆದರೆ ಜಿಗರ್, ಅಂದರೆ ಯಕೃತ್ತು, ಈಗ ಕೆಡುತ್ತಿದೆಯೇ ಇಲ್ಲವೇ? ಅದಕ್ಕೆ ಆ ಚೀಟಿಯಲ್ಲಿ ಉತ್ತರವಿಲ್ಲ. ಕಣ್ಣು ಹಳದಿಯಾಗಲಿ ನೋಡೋಣ ಎಂದು ಕಾಯುವವರಿದ್ದಾರೆ. ದೀರ್ಘಕಾಲದ ಸೋಂಕಿನಲ್ಲಿ ಯರ್ಖಾನ್ ಕಾಣಿಸಿಕೊಳ್ಳುವ ಹೊತ್ತಿಗೆ ಎಷ್ಟೋ ಸಲ ಯಕೃತ್ತು ಬಹಳ ಹಾಳಾಗಿರುತ್ತದೆ. ಇಲ್ಲಿ ಕಾಮಣಿಗೆ ಎಲೆಯ ಔಷಧಿ ಕೊಡುವವರ ಬಗ್ಗೆಯೂ ಒಂದು ಮಾತು. ಕೆಟ್ಟ ನೀರಿನಿಂದ ಬರುವ ಎ ಮತ್ತು ಇ ಬಗೆಯ ಕಾಮಣಿ ಹೆಚ್ಚಿನವರಲ್ಲಿ ತಾನಾಗಿಯೇ ವಾಸಿಯಾಗುತ್ತದೆ, ಹೆಸರು ಎಲೆಗೆ ಬರುತ್ತದೆ. ರಕ್ತದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ, ಗಂಡ ಹೆಂಡಿರ ನಡುವೆ ಹರಡುವ ಬಿ ಬೇರೆಯದೇ.

ಹಾಗಾದರೆ ಒಳಗಿನ ಉರಿಯೂತ ತಿಳಿಯುವುದು ಹೇಗೆ? ಯಕೃತ್ತಿನ ಜೀವಕೋಶಗಳ ಒಳಗೆ ಎಎಲ್‌ಟಿ ಎಂಬ ಕಿಣ್ವವಿದೆ. ನಮ್ಮ ಲ್ಯಾಬುಗಳ ವರದಿಯಲ್ಲಿ ಇದನ್ನು ಎಸ್‌ಜಿಪಿಟಿ ಎಂದು ಬರೆಯುತ್ತಾರೆ. ಕೋಶ ಒಡೆದರೆ ಅದು ರಕ್ತಕ್ಕೆ ಸೋರುತ್ತದೆ. ಗಮನಿಸಿ, ಕೋಶವನ್ನು ಒಡೆಯುವುದು ಬಹುಮಟ್ಟಿಗೆ ವೈರಸ್ ಅಲ್ಲ, ವೈರಸ್ಸನ್ನು ಹೊರಹಾಕಲು ಹೊರಟ ನಮ್ಮದೇ ರೋಗನಿರೋಧಕ ಶಕ್ತಿ. ಆದ್ದರಿಂದಲೇ ಕೆಲವು ಹುಡುಗರ ರಕ್ತದಲ್ಲಿ ವೈರಸ್ ಕೋಟಿಗಟ್ಟಲೆ ಇದ್ದರೂ ಎಸ್‌ಜಿಪಿಟಿ ಮಾಮೂಲಾಗಿರುತ್ತದೆ. ದೇಹ ಇನ್ನೂ ಜಗಳಕ್ಕೆ ಇಳಿದಿಲ್ಲ, ಅಷ್ಟೆ.

ಅನೇಕ ಲ್ಯಾಬುಗಳು 40ರವರೆಗೆ ‘ನಾರ್ಮಲ್’ ಎಂದು ಅಚ್ಚು ಹಾಕುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿ ಮಿತಿಯನ್ನು ಗಂಡಸರಿಗೆ 30, ಹೆಂಗಸರಿಗೆ 19 ಎಂದು ಇಳಿಸಿದೆ. ಅಂದರೆ 35 ಇರುವ ಹೆಣ್ಣುಮಗಳ ವರದಿಯಲ್ಲಿ ಕೆಂಪು ಗೆರೆ ಇರುವುದಿಲ್ಲ, ಆದರೂ ಆಕೆಯನ್ನು ವೈದ್ಯರು ನೋಡಬೇಕು. ಇನ್ನೊಂದು, ಒಂದೇ ಸಲದ ಪರೀಕ್ಷೆಯನ್ನು ನಂಬಿ ಕೂರಬಾರದು. ಭೀಮಾ ಹೊಳೆಯನ್ನು ಮೇ ತಿಂಗಳಲ್ಲಿ ಒಮ್ಮೆ ನೋಡಿದವನು ಅದರ ಮಹಾಪೂರವನ್ನು ಊಹಿಸಲಾರ. ಎಸ್‌ಜಿಪಿಟಿಯೂ ಹಾಗೆ ಏರುತ್ತದೆ, ಇಳಿಯುತ್ತದೆ. 6ರಿಂದ 12 ತಿಂಗಳ ಅವಧಿಯಲ್ಲಿ ಎರಡು ಸಲ ಮಿತಿ ಮೀರಿದ್ದರೆ ಅದನ್ನು ನಿರಂತರ ಏರಿಕೆ ಎನ್ನುತ್ತಾರೆ. ಕೊಬ್ಬು ತುಂಬಿದ ಯಕೃತ್ತು, ಮದ್ಯ, ಟಿ.ಬಿ. ಮಾತ್ರೆ, ಗೊತ್ತುಗುರಿಯಿಲ್ಲದ ನಾಟಿ ಔಷಧಿಯಿಂದಲೂ ಇದು ಏರಬಹುದು. ವೈದ್ಯರಿಗೆ ಇವನ್ನು ಮುಚ್ಚಿಡಬೇಡಿ.

ಇದರ ಜೊತೆಗೆ ನೋಡಬೇಕಾದದ್ದು ಎಚ್‌ಬಿವಿ ಡಿಎನ್‌ಎ, ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ. ಅದು 2000 ಯೂನಿಟ್‌ಗಿಂತ ಹೆಚ್ಚಿದ್ದು ಎಸ್‌ಜಿಪಿಟಿಯೂ ಮಿತಿ ಮೀರಿದ್ದರೆ ಚಿಕಿತ್ಸೆ ಬೇಕು. ಡಿಎನ್‌ಎ ಪರೀಕ್ಷೆ ಸಿಗದ ಕಡೆ ನಿರಂತರ ಎಸ್‌ಜಿಪಿಟಿ ಏರಿಕೆಯೊಂದರ ಮೇಲೆಯೇ ಚಿಕಿತ್ಸೆ ಆರಂಭಿಸಬಹುದೆಂದು ಅದೇ ಮಾರ್ಗಸೂಚಿ ಹೇಳಿದೆ. ಮನೆಯಲ್ಲಿ ಯಾರಿಗಾದರೂ ಯಕೃತ್ತಿನ ಕ್ಯಾನ್ಸರ್ ಆಗಿದ್ದರೆ, ಅಥವಾ ನಿಮಗೆ ಸಕ್ಕರೆ ಕಾಯಿಲೆ ಇದ್ದರೆ, ಅದನ್ನೂ ಹೇಳಿ. ತೀರ್ಮಾನ ಬದಲಾಗಬಹುದು.

ಉರಿಯೂತ ವರ್ಷಗಟ್ಟಲೆ ನಡೆದರೆ ಯಕೃತ್ತಿನಲ್ಲಿ ಗಾಯದ ಕಲೆ ಕಟ್ಟುತ್ತದೆ. ಅದನ್ನು ಅಂದಾಜು ಮಾಡುವ ಒಂದು ಲೆಕ್ಕವಿದೆ, ಹೆಸರು ಎಪಿಆರ್‌ಐ. ಎಂಟನೆಯ ತರಗತಿಯ ಹುಡುಗಿಯೂ ಮಾಡಬಹುದು. ಎಸ್‌ಜಿಒಟಿಯನ್ನು ಲ್ಯಾಬಿನ ಮೇಲ್ಮಿತಿಯಿಂದ ಭಾಗಿಸಿ, ಬಂದದ್ದನ್ನು ಪ್ಲೇಟ್‌ಲೆಟ್ ಎಷ್ಟು ಲಕ್ಷವೋ ಅಷ್ಟರಿಂದ ಭಾಗಿಸಿ. ಎಸ್‌ಜಿಒಟಿ 60, ಮೇಲ್ಮಿತಿ 40, ಪ್ಲೇಟ್‌ಲೆಟ್ 2 ಲಕ್ಷ ಎನ್ನಿ. 60ನ್ನು 40ರಿಂದ ಭಾಗಿಸಿದರೆ 1.5, ಅದನ್ನು 2ರಿಂದ ಭಾಗಿಸಿದರೆ 0.75. ದೊಡ್ಡವರಲ್ಲಿ 0.5 ಮೀರಿದರೆ ಗಣನೀಯ ಕಲೆ ಇರಬಹುದೆಂದು, 1 ಮೀರಿದರೆ ಸಿರೋಸಿಸ್ ಇರಬಹುದೆಂದು ಲೆಕ್ಕ. ಇದು ಅಂದಾಜು. ಇದರಿಂದ ನೀವೇ ರೋಗ ನಿರ್ಣಯ ಮಾಡಿಕೊಳ್ಳಬೇಡಿ. ಆದರೆ ವರದಿ ಹಿಡಿದು ವೈದ್ಯರ ಮುಂದೆ ಕೂತಾಗ ಏನು ಕೇಳಬೇಕೆಂದು ತಿಳಿದಿರುತ್ತದೆ.

ಖರ್ಚಿನ ಚಿಂತೆ ನನಗೆ ಗೊತ್ತು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಯಾದಗಿರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಈ ಕಾರ್ಯಕ್ರಮದ ಹೆಸರು ಹೇಳಿ ವಿಚಾರಿಸಿ. ಟೆನೊಫೊವಿರ್, ಎಂಟೆಕವಿರ್ ಮಾತ್ರೆಗಳು ವೈರಸ್ಸನ್ನು ಅದುಮಿಡುತ್ತವೆ, ಎಚ್‌ಬಿಎಸ್‌ಎಜಿಯನ್ನು ಅಪರೂಪಕ್ಕೆ ಮಾತ್ರ ನೆಗೆಟಿವ್ ಮಾಡುತ್ತವೆ. ವೀಸಾಕ್ಕಾಗಿ ಒಂದೇ ತಿಂಗಳಲ್ಲಿ ನೆಗೆಟಿವ್ ಮಾಡಿಕೊಡುತ್ತೇವೆ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ಒಬ್ಬರಿಗೆ ಪಾಸಿಟಿವ್ ಬಂದರೆ ಮನೆಯವರೆಲ್ಲರ ರಕ್ತ ಪರೀಕ್ಷೆ ಆಗಬೇಕು, ಸೋಂಕಿಲ್ಲದವರು ಮೂರು ಲಸಿಕೆ ಹಾಕಿಸಿಕೊಳ್ಳಬೇಕು. ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಮೊದಲ ಲಸಿಕೆ ಬೀಳಬೇಕು. ತಟ್ಟೆ ಲೋಟ ಬೇರೆ ಇಡುವ ಅಗತ್ಯವಿಲ್ಲ, ಒಂದೇ ದಸ್ತರ್‌ಖಾನ್‌ನಲ್ಲಿ ಕೂತು ಉಣ್ಣಬಹುದು. ಕ್ಷೌರದ ಬ್ಲೇಡು, ಹಲ್ಲುಜ್ಜುವ ಬ್ರಷ್ಷು ಮಾತ್ರ ಬೇರೆ ಇರಲಿ.

ಮಾತ್ರೆ ನಡೆಯುತ್ತಿರುವಾಗ ಎಸ್‌ಜಿಪಿಟಿ ಇಳಿದಿದೆಯೆಂದು ತಾವಾಗಿ ನಿಲ್ಲಿಸಬಾರದು. ವೈರಸ್ ಮತ್ತೆ ಎದ್ದು ಉರಿಯೂತ ಒಮ್ಮೆಲೇ ಭುಗಿಲೆದ್ದು ಪ್ರಾಣಕ್ಕೆ ಬಂದೀತು. ರಂಜಾನ್ ತಿಂಗಳಿನಲ್ಲೂ ನಿಲ್ಲಿಸುವ ಕಾರಣವಿಲ್ಲ, ದಿನಕ್ಕೆ ಒಂದೇ ಮಾತ್ರೆ. ಟೆನೊಫೊವಿರ್ ಆದರೆ ಇಫ್ತಾರ್ ಊಟದ ಜೊತೆಗೆ ತೆಗೆದುಕೊಳ್ಳಬಹುದು. ಎಂಟೆಕವಿರ್‌ಗೆ ಹೊಟ್ಟೆ ಖಾಲಿ ಇರಬೇಕು, ಅದನ್ನು ಊಟವಾಗಿ ಎರಡು ಗಂಟೆಯ ಮೇಲೆ ನುಂಗಿ, ಮುಂದಿನ ಎರಡು ಗಂಟೆ ಏನೂ ತಿನ್ನಬೇಡಿ. ತರಾವೀಹ್ ಮುಗಿಸಿ ಬಂದ ಹೊತ್ತು ಅದಕ್ಕೆ ಸರಿಹೋಗುತ್ತದೆ.