ಗೆಳೆಯನ ನೆನಪಿಗೆ ಬೆಟ್ಟದ ಹಾದಿ



ಅಗಲಿದವರ ನೆನಪಿಗೆ ಕಲ್ಲು ನೆಡುವುದು ವಾಡಿಕೆ. ಕೂಡಿ ನಡೆಯುವುದೂ ಸ್ಮಾರಕವಾಗಬಲ್ಲದು. ಇಟಲಿಯ ಟ್ಯುರಿನ್ ನಗರದ ತರುಣ ಪಿಯೆರ್ ಜೋರ್ಜೊ ಫ್ರಸ್ಸಾತಿಯವರು 1924ರಲ್ಲಿ ಗೆಳೆಯರ ಕೂಟ ಕಟ್ಟಿ ಆಲ್ಪ್ಸ್ ಪರ್ವತಗಳನ್ನೇರುತ್ತಿದ್ದರು. ಊರಿಗೆ ಮರಳಿ ಬಡವರ ಮನೆಯ ಮೆಟ್ಟಿಲು ಹತ್ತುತ್ತಿದ್ದರು. 1925ರ ಜುಲೈ 4ರಂದು, 24ರ ಹರೆಯದಲ್ಲಿ, ಪೋಲಿಯೊ ಬೇನೆಯಿಂದ ತೀರಿಕೊಂಡರು. ಶವಯಾತ್ರೆಗೆ ನೆರೆದ ಬಡವರನ್ನು ಕಂಡಾಗಲೇ ಮನೆಯವರಿಗೆ ಮಗನ ಗುಪ್ತಸೇವೆಯ ಅರಿವಾದದ್ದು.

1996ರಿಂದೀಚೆಗೆ ಇಟಲಿಯ ಪರ್ವತಾರೋಹಿಗಳ ಸಂಘವು ಪ್ರಾಂತ ಪ್ರಾಂತಗಳಲ್ಲಿ ಬೆಟ್ಟದ ಹಾದಿಗಳನ್ನು ಅವರ ಹೆಸರಿಗೆ ಅರ್ಪಿಸಿದೆ. 2025ರ ಸೆಪ್ಟೆಂಬರ್ 7ರಂದು ಜಗದ್ಗುರು 14ನೆಯ ಲಿಯೋ ಅವರನ್ನು ಸಂತರೆಂದು ಘೋಷಿಸಿದರು.

ಗುಡ್ಡ ಹತ್ತುವ ಭಕ್ತಿ ನಮಗೆ ಹೊಸದಲ್ಲ. ನೆರೆಹೊರೆಯವರು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವುದನ್ನು ಕಂಡೇ ಬೆಳೆದವರು ನಾವು. ಈ ದೇವಾಲಯದಲ್ಲಿ ನಮ್ಮೊಡನೆ ಹಾಡುತ್ತಿದ್ದ ಗೆಳೆಯನನ್ನು ಮಣ್ಣಿಗೊಪ್ಪಿಸಿ ವರ್ಷವಾಗುತ್ತ ಬಂತು. ಅವನಿಗಾಗಿ ಬಲಿಪೂಜೆಯನ್ನರ್ಪಿಸಿದ ಮರುದಿನ, ಜಪಸರ ಹಿಡಿದು, ನಮ್ಮೂರ ಸಮೀಪದ ಗುಡ್ಡವೊಂದನ್ನು ಕೂಡಿಯೇ ಏರೋಣ. ಬಳಲಿದವರಿಗೆ ಕೈಗೊಡೋಣ. ಇಳಿದ ಮೇಲೆ ನೇರವಾಗಿ ಅವನ ತಾಯಿಯ ಮನೆಗೆ ಹೋಗೋಣ. ವರ್ಷದಿಂದ ಆ ಬಾಗಿಲನ್ನು ತಟ್ಟಿದವರು ನಮ್ಮಲ್ಲಿ ಕಡಿಮೆ.

ದೇವರು ಅವನ ಆತ್ಮಕ್ಕೆ ನಿತ್ಯ ವಿಶ್ರಾಂತಿಯನ್ನು ದಯಪಾಲಿಸಲಿ.